ಹೆಕ್ಸ್ ಬಾರ್: ಕಾಲೇಜಿನ ಜಿಮ್ಮಿಗೆ ಮೊದಲು ಕೊಳ್ಳಬೇಕಾದ ರಾಡು

ಕಾಲೇಜಿನ ಕ್ರೀಡಾ ವಿಭಾಗಕ್ಕೆ ದುಡ್ಡು ಬಂತೆಂದರೆ ಮೊದಲ ಕೊಟೇಶನ್ ಕೇಳುವುದು ಹನ್ನೆರಡು ಸ್ಟೇಷನ್ನಿನ ಮಲ್ಟಿಜಿಮ್‌ಗೆ. ಕೆಲವು ವರ್ಷಗಳಲ್ಲಿ ಅದರ ಕೇಬಲ್ ಸವೆಯುತ್ತದೆ, ಪಿನ್ ಕಳೆಯುತ್ತದೆ, ಸೀಟಿನ ರೆಕ್ಸಿನ್ ಹರಿಯುತ್ತದೆ. ರಿಪೇರಿಗೆ ಮತ್ತೆ ಫೈಲ್ ಓಡಾಡಬೇಕು. ಅಷ್ಟರಲ್ಲಿ ಮೂರು ವರ್ಷದ ಡಿಗ್ರಿ ಮುಗಿಸಿ ಒಂದು ತಂಡವೇ ಹೊರಗೆ ಹೋಗಿರುತ್ತದೆ. ಕಬಡ್ಡಿ, ಖೋ-ಖೋ, ವಾಲಿಬಾಲ್, ಹಾಕಿ, ಅಥ್ಲೆಟಿಕ್ಸ್ ಈ ಐದರಲ್ಲಿ ಯಾವ ತಂಡವಿದ್ದರೂ ಸರಿ, ಮೊದಲು ಕೊಳ್ಳಬೇಕಾದದ್ದು ಒಂದು ಹೆಕ್ಸ್ ಬಾರ್, ಅದಕ್ಕೆ ಹೊಂದುವ ಪ್ಲೇಟುಗಳು, ಜೊತೆಗೆ ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್. ನೋಟ್‌ಬುಕ್ಕನ್ನು ಯಾಕೆ ಸೇರಿಸಿದ್ದೇವೆ ಎಂಬುದು ಮುಂದೆ ಬರುತ್ತದೆ. ಅದಿಲ್ಲದೆ ಬಾರ್ ಬರೀ ಕಬ್ಬಿಣ.

ಹೆಕ್ಸ್ ಬಾರ್ ಎಂದರೆ ಆರು ಮೂಲೆಯ ಕಬ್ಬಿಣದ ಚೌಕಟ್ಟು. ಎರಡೂ ತುದಿಯಲ್ಲಿ ಪ್ಲೇಟು ಹಾಕುವ ಸ್ಲೀವ್, ಒಳಗಡೆ ಎರಡು ಪಕ್ಕಕ್ಕೂ ಹಿಡಿಕೆ. ಇದನ್ನೇ ಟ್ರ್ಯಾಪ್ ಬಾರ್ ಎಂದೂ ಕರೆಯುತ್ತಾರೆ. ಎತ್ತುವವರು ಚೌಕಟ್ಟಿನ ನಡುವೆ ನಿಲ್ಲಬೇಕು. ಸಾದಾ ರಾಡಿನ ಡೆಡ್‌ಲಿಫ್ಟಿನಲ್ಲಿ, ಅಂದರೆ ನೆಲದ ಮೇಲಿನ ಭಾರವನ್ನು ನೆಟ್ಟಗೆ ನಿಲ್ಲುವವರೆಗೆ ಎತ್ತುವಾಗ, ಭಾರ ಕಾಲಿನ ಮುಂದಿರುತ್ತದೆ, ಕೈಗಳೂ ಮುಂದಕ್ಕೆ ಚಾಚಿರುತ್ತವೆ. ಇಲ್ಲಿ ಕೈಗಳು ಮೈಯ ಪಕ್ಕದಲ್ಲೇ ನೇತಾಡುತ್ತವೆ. ಎರಡು ಕೈಯಲ್ಲಿ ಎರಡು ತುಂಬಿದ ಕೊಡ ಎತ್ತುವಾಗ ಮೈ ಹೇಗೆ ತಾನಾಗಿ ಬಾಗಿ, ಹೇಗೆ ತಾನಾಗಿ ನೆಟ್ಟಗಾಗುತ್ತದೋ ಹಾಗೆ. ಬೋರ್‌ವೆಲ್ಲಿನಿಂದ ನೀರು ಹೊತ್ತ ಹುಡುಗಿಗೆ ಈ ಚಲನೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ತಿದ್ದಿದರೆ ಸಾಕು.

ಅಮೆರಿಕದ ಪವರ್‌ಲಿಫ್ಟರ್ ಅಲ್ ಜೆರಾರ್ಡ್ 1980ರ ದಶಕದಲ್ಲಿ ಇದನ್ನು ರೂಪಿಸಿದ್ದು ಬೆನ್ನುನೋವಿಗೆ ದಾರಿ ಹುಡುಕುತ್ತ. ಆ ಉದ್ದೇಶ ಈಡೇರಿದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 19 ಪವರ್‌ಲಿಫ್ಟರ್‌ಗಳಿಂದ ಎರಡೂ ಬಗೆಯ ರಾಡುಗಳನ್ನು ಎತ್ತಿಸಿ ಅಳೆದರು. ಹೆಕ್ಸ್ ಬಾರ್‌ನಲ್ಲಿ ಕೆಳಬೆನ್ನಿನ ಮೇಲೆ ಬೀಳುವ ಬಾಗಿಸುವ ಬಲ ಕಡಿಮೆಯಾಗಿತ್ತು. ಎತ್ತುವ ವೇಗ, ಪವರ್ ಎರಡೂ ಹೆಚ್ಚಾಗಿದ್ದವು. ಮೊಣಕಾಲಿನ ಪಾಲು ಜಾಸ್ತಿಯಾಗಿತ್ತು. ಆಟಗಾರರಿಗೆ ಇದು ಒಳ್ಳೆಯ ಸುದ್ದಿ. ಕಬಡ್ಡಿಯ ರೈಡರ್ ಎಗರುವುದು, ವಾಲಿಬಾಲಿನ ಬ್ಲಾಕರ್ ನೆಗೆಯುವುದು, ಓಟಗಾರ ಬ್ಲಾಕ್ಸ್‌ನಿಂದ ಚಿಮ್ಮುವುದು ಎಲ್ಲವೂ ಮೊಣಕಾಲು ಮತ್ತು ಸೊಂಟ ಒಟ್ಟಿಗೆ ಬಿಚ್ಚಿಕೊಳ್ಳುವ ಕೆಲಸವೇ.

ಕಾಲೇಜಿಗೆ ಇದೇ ಯಾಕೆ ಎಂದು ಕೇಳಿದರೆ ಉತ್ತರ ಸಮಯ. ಹೆಗಲ ಮೇಲೆ ರಾಡಿಟ್ಟು ಸ್ಕ್ವಾಟ್ ಮಾಡಿಸಲು ರ‍್ಯಾಕ್ ಬೇಕು, ಭಾರ ಜಾರಿದರೆ ಹಿಡಿಯಲು ಪಕ್ಕದಲ್ಲಿ ಸ್ಪಾಟರ್ ಬೇಕು, ಹೆಗಲು ಮತ್ತು ಪಾದದ ಕೀಲಿನ ಬಾಗುವಿಕೆ ಬೇಕು. ಸಾದಾ ರಾಡಿನ ಡೆಡ್‌ಲಿಫ್ಟಿನಲ್ಲಿ ರಾಡು ಮೊಣಕಾಲನ್ನು ದಾಟುವ ಜಾಗದಲ್ಲೇ ಹೊಸಬರ ಬೆನ್ನು ಗೂನಾಗುತ್ತದೆ. ಭಾರವನ್ನು ಒಂದೇ ಸೆಳೆತಕ್ಕೆ ಹೆಗಲಿಗೋ ತಲೆಯ ಮೇಲಕ್ಕೋ ಎತ್ತುವ ಕ್ಲೀನ್, ಸ್ನ್ಯಾಚ್ ಬಗ್ಗೆ ಹೇಳಬೇಕಾಗೇ ಇಲ್ಲ, ಅವಕ್ಕೆ ತಿಂಗಳುಗಟ್ಟಲೆ ಒಬ್ಬ ಕೋಚ್ ಪಕ್ಕದಲ್ಲಿರಬೇಕು. ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರೇ ಐದಾರು ತಂಡ ನೋಡುವ ಕಾಲೇಜಿನಲ್ಲಿ ಅದು ಆಗದ ಮಾತು. ಹೆಕ್ಸ್ ಬಾರ್‌ನಲ್ಲಿ ಭಾರ ಹೆಚ್ಚಾದರೆ ಕೆಳಗಿಟ್ಟರೆ ಮುಗಿಯಿತು, ಮೈಮೇಲೆ ಬೀಳುವುದಿಲ್ಲ. ಮೂರನೇ ವಾರಕ್ಕೆ ಮಕ್ಕಳು ತಾವೇ ಸರಿಯಾಗಿ ಎತ್ತತೊಡಗುತ್ತಾರೆ. ಆಗ ಮೇಷ್ಟ್ರ ಕಣ್ಣು ರಾಡಿನಿಂದ ಬಿಡುವಾಗಿ ಮಕ್ಕಳ ಮುಖದ ಕಡೆ ಹೋಗುತ್ತದೆ. ಈ ಸಾಮಾನಿನ ನಿಜವಾದ ಬೆಲೆ ಇರುವುದು ಅಲ್ಲೇ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಕೊಳ್ಳುವ ವಿಚಾರ. ಕೊಟೇಶನ್ನಿನಲ್ಲಿ ಬರೀ ‘ಹೆಕ್ಸ್ ಬಾರ್, 1’ ಎಂದು ಬರೆದರೆ ಅಂಗಡಿಯವರು ಯಾವುದನ್ನು ಬೇಕಾದರೂ ಕಳಿಸಬಹುದು. ಮೊದಲು ಬರೆಯಬೇಕಾದದ್ದು ಸ್ಲೀವಿನ ವ್ಯಾಸ, 50 ಮಿ.ಮೀ. ಸ್ಥಳೀಯ ಜಿಮ್ ಪ್ಲೇಟುಗಳ ತೂತು ಇದರ ಅರ್ಧದಷ್ಟೇ ಇರುವುದು ಸಾಮಾನ್ಯ. ಹಳೆಯ ಪ್ಲೇಟು ಇವೆಯಲ್ಲ ಎಂದು ಬಾರ್ ಮಾತ್ರ ತರಿಸಿ, ಬಂದ ಮೇಲೆ ಹೊಂದದೆ ಪೇಚಾಡುವುದು ಮೇಲಿಂದ ಮೇಲೆ ನಡೆಯುವ ತಪ್ಪು. ತರಿಸುವ ಮೊದಲು ಇರುವ ಪ್ಲೇಟಿನ ತೂತಿಗೆ ಸ್ಕೇಲ್ ಇಟ್ಟು ಅಳೆಯಿರಿ. ಸಣ್ಣ ತೂತಿನ ಪ್ಲೇಟುಗಳಿಗೆ ಹೊಂದುವ ತೆಳು ಸ್ಲೀವಿನ ಹೆಕ್ಸ್ ಬಾರ್ ಕೂಡ ಸಿಗುತ್ತದೆ, ಆದರೆ ತಂಡದ ಹುಡುಗರು ನೂರು ಕಿಲೋ ದಾಟಿದ ಮೇಲೆ ಅದನ್ನು ನಂಬಿ ಕೂರುವ ಹಾಗಿಲ್ಲ.

ಎರಡನೆಯದು ಹಿಡಿಕೆ. ಎರಡು ಎತ್ತರದ ಹಿಡಿಕೆ ಇರುವುದನ್ನೇ ಕೇಳಿ. 450 ಮಿ.ಮೀ. ವ್ಯಾಸದ ಪ್ಲೇಟು ಹಾಕಿದಾಗ ಕೆಳಗಿನ ಹಿಡಿಕೆ ನೆಲದಿಂದ ಸುಮಾರು 22 ಸೆಂ.ಮೀ. ಎತ್ತರದಲ್ಲಿರುತ್ತದೆ. ಬಾರನ್ನು ಮಗುಚಿ ಹಾಕಿದರೆ ಮೇಲಿನ ಹಿಡಿಕೆ ಇನ್ನೂ ನಾಲ್ಕೈದು ಬೆರಳು ಎತ್ತರಕ್ಕೆ ಬರುತ್ತದೆ. ಉದ್ದ ಕಾಲಿನ ವಾಲಿಬಾಲ್ ಹುಡುಗನಿಗೆ, ಸೊಂಟ ಬಿಗಿಯಾಗಿರುವ ಹೊಸಬನಿಗೆ ಈ ನಾಲ್ಕು ಬೆರಳೇ ಬೆನ್ನು ನೆಟ್ಟಗಿರುವುದಕ್ಕೂ ಗೂನಾಗುವುದಕ್ಕೂ ಇರುವ ಅಂತರ. ಹಿಡಿಕೆಯ ದಪ್ಪ 28ರಿಂದ 32 ಮಿ.ಮೀ. ಇರಲಿ. ಅದಕ್ಕಿಂತ ದಪ್ಪವಾದರೆ ಸಣ್ಣ ಕೈಯ ಹುಡುಗಿಯರಿಗೆ ಕಾಲು ದಣಿಯುವ ಮೊದಲೇ ಬೆರಳು ಸೋಲುತ್ತದೆ. ಹಿಡಿಕೆಯ ಮೇಲಿನ ಗೀರು ಅಂಗೈಗೆ ಹತ್ತುವಷ್ಟು ಇರಬೇಕು, ಚರ್ಮ ಕೀಳುವಷ್ಟು ಇರಬಾರದು.

ಮೂರನೆಯದು ಬೆಸುಗೆ. ಆರು ಮೂಲೆಯಲ್ಲೂ, ಸ್ಲೀವು ಚೌಕಟ್ಟಿಗೆ ಕೂಡುವ ಜಾಗದಲ್ಲೂ ಬೆರಳಾಡಿಸಿ ನೋಡಿ. ಬೆಸುಗೆ ಸುತ್ತಲೂ ಒಂದೇ ಸಮ ಹರಿದಿರಬೇಕು. ನಾಲ್ಕು ಕಡೆ ಚುಕ್ಕೆ ಹಾಕಿ ಮೇಲೆ ಪೇಂಟ್ ಬಳಿದಿದ್ದರೆ ವಾಪಸ್ ಕಳಿಸಿ. ಸ್ಲೀವನ್ನು ಬೋಲ್ಟಿನಲ್ಲಿ ಬಿಗಿದ ಬಾರ್‌ಗಳೂ ಬರುತ್ತವೆ. ಅವು ಸಾಗಿಸಲು ಸುಲಭ, ಆದರೆ ವಾರಕ್ಕೊಮ್ಮೆ ಸ್ಪ್ಯಾನರ್ ಹಾಕದಿದ್ದರೆ ಸಡಿಲವಾಗುತ್ತವೆ. ನೆಲದ ಮೇಲಿಟ್ಟಾಗ ಬಾರ್ ಒಂದು ಮೂಲೆಗೆ ಕುಂಟಿದರೆ ಚೌಕಟ್ಟು ಸೊಟ್ಟಗಿದೆ ಎಂದರ್ಥ. ಸ್ಲೀವಿನ ಉದ್ದವನ್ನೂ ಕೇಳಿ. ಚಿಕ್ಕ ಸ್ಲೀವಿನಲ್ಲಿ ದಪ್ಪ ರಬ್ಬರ್ ಪ್ಲೇಟು ಮೂರು ಹಿಡಿಯುವಷ್ಟರಲ್ಲಿ ಲಾಕ್ ಹಾಕಲು ಜಾಗ ಉಳಿಯುವುದಿಲ್ಲ. ಎರಡೂ ಕಡೆ 30 ಸೆಂ.ಮೀ. ಸಿಕ್ಕರೆ ನೆಮ್ಮದಿ.

ಬಾರಿನ ತೂಕ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಒಲಿಂಪಿಕ್ ರಾಡಿನ ಹಾಗೆ 20 ಕಿಲೋ ಎಂದು ಊಹಿಸಿಕೊಂಡು ಲೆಕ್ಕ ಬರೆಯಬೇಡಿ, 25 ಅಥವಾ 30 ಇರಬಹುದು. ಹತ್ತಿರದ ದಿನಸಿ ಅಂಗಡಿಯಿಂದ ಮೂಟೆ ತೂಗುವ ತಕ್ಕಡಿ ತಂದು ಬಾರನ್ನೂ ಪ್ರತಿಯೊಂದು ಪ್ಲೇಟನ್ನೂ ತೂಗಿ, ಬಿಳಿ ಪೇಂಟಿನಲ್ಲಿ ನಿಜವಾದ ತೂಕ ಬರೆದಿಡಿ. ‘10’ ಎಂದು ಅಚ್ಚಾದ ಪ್ಲೇಟುಗಳೆಲ್ಲ ಹತ್ತು ಕಿಲೋ ತೂಗುವುದಿಲ್ಲ. ಒಂದು ಪಕ್ಕ ಅರ್ಧ ಕಿಲೋ ಹೆಚ್ಚಿದ್ದರೂ ಹುಡುಗ ತನಗೆ ಅರಿವಿಲ್ಲದೆ ಒಂದು ಕಾಲಿಗೆ ವಾಲುತ್ತಾನೆ, ನಾವು ಅವನ ಕಾಲಿನಲ್ಲೇ ದೋಷ ಹುಡುಕುತ್ತೇವೆ.

ಹಗುರ ಭಾರದವರಿಗೆ ಒಂದು ತೊಡಕಿದೆ. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. 45 ಕಿಲೋ ತೂಗುವ ಖೋ-ಖೋ ಹುಡುಗಿಗೆ 25 ಕಿಲೋ ಬಾರ್ ಮತ್ತು ಎರಡು 10 ಕಿಲೋ ಪ್ಲೇಟು ಎಂದರೆ ಅವಳ ತೂಕದಷ್ಟೇ ಆಯಿತು, ಮೊದಲ ದಿನಕ್ಕೆ ಅದು ಹೆಚ್ಚು. 5 ಕಿಲೋ ಕಬ್ಬಿಣದ ಪ್ಲೇಟು ಹಾಕೋಣ ಎಂದರೆ ಅದರ ವ್ಯಾಸ ಚಿಕ್ಕದು, ಬಾರ್ ನೆಲಕ್ಕೆ ಇಳಿಯುತ್ತದೆ, ಅವಳು ಇನ್ನೂ ಆಳಕ್ಕೆ ಬಾಗಬೇಕು. ಅಂದರೆ ಎಲ್ಲರಿಗಿಂತ ಹಗುರ ಹುಡುಗಿಗೆ ಎಲ್ಲರಿಗಿಂತ ಕಷ್ಟದ ಭಂಗಿ. ಪರಿಹಾರ ಸುಲಭ. 23 ಸೆಂ.ಮೀ. ವ್ಯಾಸದ ಪ್ಲೇಟಾದರೆ ಅದರ ಕೆಳಗೆ 11 ಸೆಂ.ಮೀ. ಎತ್ತರದ ಮರದ ದಿಮ್ಮಿ ಇಡಿ, ಎತ್ತರ ಸರಿಹೋಗುತ್ತದೆ. ಪ್ಲೇಟು ಉರುಳದಂತೆ ದಿಮ್ಮಿಯ ಎರಡು ಅಂಚಿಗೂ ರೀಪರ್ ಪಟ್ಟಿ ಹೊಡೆಸಿ. ಬಡಗಿಗೆ ಒಂದು ಗಂಟೆ ಕೆಲಸ. ದೊಡ್ಡ ವ್ಯಾಸದ ಹಗುರ ಪ್ಲಾಸ್ಟಿಕ್ ಪ್ಲೇಟೂ ಸಿಗುತ್ತದೆ, ದುಡ್ಡಿದ್ದರೆ ಅದು ಇನ್ನೂ ಒಳ್ಳೆಯದು. ಒಂದೂಕಾಲು ಕಿಲೋದ ಒಂದು ಜೊತೆ ಪ್ಲೇಟು ಮಾತ್ರ ಬಿಡಬೇಡಿ. ಹುಡುಗಿಯರು ವಾರಕ್ಕೆ ಎರಡೂವರೆ ಕಿಲೋ ಏರಬೇಕಾದ ಜಾಗದಲ್ಲಿ ಚಿಕ್ಕ ಪ್ಲೇಟಿಲ್ಲದೆ ಹತ್ತು ಕಿಲೋ ನೆಗೆಯುವ ಹಾಗಾದರೆ ಅಲ್ಲೇ ನಿಂತುಬಿಡುತ್ತಾರೆ.

ನೆಲ ಟೈಲ್ಸ್ ಅಥವಾ ಕಡಪ ಕಲ್ಲಿನದಾದರೆ ಕೆಳಗೆ 18 ಮಿ.ಮೀ. ಪ್ಲೈವುಡ್, ಮೇಲೆ 15ರಿಂದ 20 ಮಿ.ಮೀ. ರಬ್ಬರ್ ಮ್ಯಾಟ್. ಎರಡು ಪಕ್ಕಕ್ಕೆ ಪ್ಲೇಟು ಬೀಳುವ ಜಾಗದಲ್ಲಿ ಹಾಕಿದರೂ ಸಾಕು, ಆದರೆ ನಡುವೆ ನಿಲ್ಲುವ ಜಾಗವೂ ಅದೇ ಎತ್ತರಕ್ಕಿರಬೇಕು. ಎರಕದ ಕಬ್ಬಿಣದ ಪ್ಲೇಟನ್ನು ಎತ್ತರದಿಂದ ಬಿಡಬಾರದು, ಸೀಳುತ್ತದೆ.

ಕಲಿಸುವ ಕ್ರಮ ಹೀಗೆ. ಮೊದಲು ಪ್ರತಿ ಹಿಡಿಕೆಯ ನಟ್ಟನಡುವೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ. ಕೈ ಒಂದು ಬೆರಳಿನಷ್ಟು ಹಿಂದೆ ಮುಂದೆ ಆದರೂ ಎತ್ತಿದ ಕೂಡಲೇ ಚೌಕಟ್ಟು ಮೂಗು ತಗ್ಗಿಸುತ್ತದೆ ಅಥವಾ ಹಿಮ್ಮಡಿಗೆ ತಾಗುತ್ತದೆ. ನಡುಬೆರಳು ಟೇಪಿನ ಮೇಲಿರಲಿ. ಪಾದಗಳು ಸೊಂಟದಗಲ, ಪಾದದ ನಡುಭಾಗ ಹಿಡಿಕೆಯ ನಡುವಿಗೆ ಸರಿಸಮ. ಸೊಂಟವನ್ನು ಹಿಂದಕ್ಕೆ ತಳ್ಳುತ್ತ ಬಾಗಿ ಹಿಡಿಕೆ ಹಿಡಿಯಬೇಕು. ಬಸ್ಕಿ ಹೊಡೆಯುವ ಹಾಗೆ ನೆಟ್ಟಗೆ ಕುಕ್ಕರಿಸುವುದಲ್ಲ. ನೋಟ ಮೂರು ಮೀಟರ್ ಮುಂದಿನ ನೆಲದ ಮೇಲೆ. ಹೊಟ್ಟೆಯ ಸುತ್ತ ಉಸಿರು ತುಂಬಿ ಬಿಗಿ ಹಿಡಿದು, ಕೈ ಮತ್ತು ಬಾರಿನ ನಡುವಿನ ಸಡಿಲವನ್ನು ಮೊದಲು ತೆಗೆಯಬೇಕು. ಪ್ಲೇಟಿನ ತೂತು ಸ್ಲೀವಿಗೆ ತಾಗಿ ‘ಟಕ್’ ಎನ್ನುತ್ತದೆ. ಆ ಸದ್ದು ಕೇಳಿದ ಮೇಲೆ ಎತ್ತು ಎನ್ನಬೇಡಿ, “ನೆಲ ತುಳಿ” ಎನ್ನಿ. ಎತ್ತು ಎಂದರೆ ಕೈ, ಹೆಗಲು ಎಳೆಯುತ್ತವೆ. ತುಳಿ ಎಂದರೆ ಕಾಲು ಕೆಲಸ ಮಾಡುತ್ತದೆ. ಒಂದೇ ಪದ ಬದಲಿಸಿದ್ದಕ್ಕೆ ಅರ್ಧ ತಂಡದ ಬೆನ್ನು ನೆಟ್ಟಗಾಗುತ್ತದೆ.

ಎಲ್ಲಿ ಕೆಡುತ್ತದೆ? ‘ಟಕ್’ ಸದ್ದಿಗೆ ಕಾಯದೆ ಜಗ್ಗಿದರೆ ಬೆನ್ನು ಮೊದಲು ಗೂನಾಗಿ ಆಮೇಲೆ ಭಾರ ಏಳುತ್ತದೆ, ಕೆಳಬೆನ್ನಿನ ನೋವು ಹೆಚ್ಚಾಗಿ ಶುರುವಾಗುವುದು ಹೀಗೆ. ಸೊಂಟ ಮೊದಲು ಎದ್ದು ಎದೆ ಕೆಳಗೇ ಉಳಿದರೆ ಭಾರ ಹೆಚ್ಚಾಗಿದೆ, ಐದು ಕಿಲೋ ಇಳಿಸಿ. ಮೊಣಕಾಲು ಒಳಕ್ಕೆ ಮಡಚಿದರೆ, ಅದರಲ್ಲೂ ಹುಡುಗಿಯರಲ್ಲಿ, ಪಾದ ಸ್ವಲ್ಪ ಹೊರಕ್ಕೆ ತಿರುಗಿಸಿ ಮೊಣಕಾಲನ್ನು ಕಿರುಬೆರಳಿನ ಕಡೆ ತಳ್ಳಲು ಹೇಳಿ. ಮೇಲೆ ಬಂದ ಮೇಲೆ ಹಿಂದಕ್ಕೆ ಬಾಗುವ ಚಾಳಿಯನ್ನು ಮೊದಲ ದಿನವೇ ಬಿಡಿಸಬೇಕು, ನೆಟ್ಟಗೆ ನಿಂತರೆ ಸಾಕು. ಇಳಿಸುವಾಗ ಎಲ್ಲರಿಗೂ ಆತುರ. ಎರಡು ಎಣಿಸುವಷ್ಟು ಹೊತ್ತು ತೆಗೆದುಕೊಂಡು ಇಳಿಸಿ, ನೆಲಕ್ಕೆ ಪೂರ್ತಿ ತಾಗಿಸಿ, ಮತ್ತೆ ಉಸಿರು ತುಂಬಬೇಕು. ನೆಲದಿಂದ ಪುಟಿಸಿ ಎತ್ತಿದ ರೆಪ್ಸ್ (ಒಂದೊಂದು ಸಲದ ಎತ್ತುವಿಕೆ) ಲೆಕ್ಕಕ್ಕಿಲ್ಲ.

ಒಂದು ಬಾರ್ ಇಡೀ ತಂಡಕ್ಕೆ ಸಾಕೇ ಎಂಬ ಪ್ರಶ್ನೆ ಪ್ರಾಂಶುಪಾಲರಿಂದ ಬಂದೇ ಬರುತ್ತದೆ. ಸಾಕು. ಹೆಚ್ಚುಕಡಿಮೆ ಒಂದೇ ಶಕ್ತಿಯ ನಾಲ್ವರ ಗುಂಪು ಮಾಡಿ. ಐದು ರೆಪ್ಸ್‌ಗೆ 20 ಸೆಕೆಂಡ್, ಪ್ಲೇಟು ಬದಲಿಸಲು 40 ಸೆಕೆಂಡ್. ನಾಲ್ಕನೆಯವರು ಮುಗಿಸುವಷ್ಟರಲ್ಲಿ ಮೊದಲನೆಯವರಿಗೆ ಮೂರು ನಿಮಿಷ ವಿಶ್ರಾಂತಿ ತಾನಾಗಿ ಸಿಕ್ಕಿರುತ್ತದೆ. ಮೂರು ಸುತ್ತಿಗೆ ಹನ್ನೆರಡು ನಿಮಿಷ. ಹನ್ನೆರಡು ಜನರ ಕಬಡ್ಡಿ ತಂಡ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಕಾಯುವ ಗುಂಪುಗಳು ಪುಷಪ್, ಪುಲಪ್, ಪ್ಲ್ಯಾಂಕ್ ಮಾಡುತ್ತಿರಲಿ.

ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ 48 ಗಂಟೆ ಅಂತರ. ಮೊದಲೆರಡು ವಾರ ಮೇಲಿನ ಹಿಡಿಕೆಯಲ್ಲಿ ಐದರಂತೆ ಮೂರು ಸೆಟ್ಟು. ಸೆಟ್ಟು ಮುಗಿದಾಗ “ಇನ್ನೆಷ್ಟು ಆಗುತ್ತಿತ್ತು?” ಎಂದು ಕೇಳಿ. “ಮೂರು” ಎಂಬ ಉತ್ತರ ಬರುವಷ್ಟೇ ಭಾರ. ಮೂರನೇ ವಾರದಿಂದ ಹುಡುಗರಿಗೆ ಐದು ಕಿಲೋ, ಹುಡುಗಿಯರಿಗೆ ಎರಡೂವರೆ ಕಿಲೋ ಏರಿಸುತ್ತ ಹೋಗಿ. ಉತ್ತರ “ಒಂದು” ಎಂದಾದ ವಾರ ಏರಿಸಬೇಡಿ. ಪಂದ್ಯಾವಳಿಯ ಕಾಲದಲ್ಲಿ ವಾರಕ್ಕೆ ಒಂದೇ ದಿನ, ಮೂರರಂತೆ ಎರಡೇ ಸೆಟ್ಟು ಮಾಡಿದರೂ ಗಳಿಸಿದ ಬಲ ಉಳಿಯುತ್ತದೆ. ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋಗುವ ತಿಂಗಳು ಪೂರ್ತಿ ನಿಲ್ಲಿಸುವುದು ಅನೇಕ ಕಡೆ ರೂಢಿ. ಹಾಗೆ ಮಾಡಿದರೆ ಬಲ ಬೇಕಾದ ಹೊತ್ತಿಗೇ ಇಳಿದಿರುತ್ತದೆ.

ರಜೆ ಮುಗಿಸಿ ಬಂದ ಮೊದಲ ವಾರದ ಬಗ್ಗೆ ಒತ್ತಿ ಹೇಳಬೇಕು. 2011ರ ಜನವರಿಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ 13 ಹುಡುಗರು ಆಸ್ಪತ್ರೆ ಸೇರಿದರು. ರಜೆಯಿಂದ ಬಂದವರಿಗೆ ನೂರು ಸ್ಕ್ವಾಟ್ ಮಾಡಿಸಲಾಗಿತ್ತು. ಸ್ನಾಯುವಿನ ಜೀವಕೋಶ ಒಡೆದು ಅದರೊಳಗಿನ ವಸ್ತು ರಕ್ತಕ್ಕೆ ಸೇರುವ ರ‍್ಯಾಬ್ಡೋಮಯೊಲಿಸಿಸ್ ಅದು. ಮೂತ್ರಪಿಂಡಕ್ಕೇ ಪೆಟ್ಟು. ಅಲ್ಲಿಯ ಸ್ಟ್ರೆಂತ್ ಕೋಚ್‌ಗಳ ಎರಡು ಸಂಘಟನೆಗಳು 2019ರಲ್ಲಿ ಒಟ್ಟಾಗಿ ಹೊರತಂದ ಮಾರ್ಗಸೂಚಿಯಲ್ಲಿ ಒಂದು ಸರಳ ಲೆಕ್ಕವಿದೆ. ವಾಪಸಾದ ಮೊದಲ ವಾರ ಕಂಡೀಷನಿಂಗ್, ಅಂದರೆ ಓಟದಂಥ ದಮ್ಮಿನ ತರಬೇತಿಯ ಪ್ರಮಾಣದಲ್ಲಿ ಶೇ. 50 ಕಡಿತ, ಎರಡನೇ ವಾರ 30, ಮೂರನೇ ವಾರ 20, ನಾಲ್ಕನೇ ವಾರ 10. ದಸರಾ ರಜೆಗೂ ಸೆಮಿಸ್ಟರ್ ರಜೆಗೂ ಇದೇ ಲೆಕ್ಕ ಇಟ್ಟುಕೊಳ್ಳಿ. ತಡವಾಗಿ ಬಂದವನಿಗೆ ಶಿಕ್ಷೆ ಎಂದು ನೂರಿನ್ನೂರು ಬಸ್ಕಿ ಹೊಡೆಸುವ ಪದ್ಧತಿ ಇನ್ನೂ ಇರುವ ಕಡೆ ಅದನ್ನು ಇಂದೇ ಬಿಡಬೇಕು. ವ್ಯಾಯಾಮದ ಮರುದಿನ ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮನೆಮದ್ದಿಗೆ ಕಾಯಬಾರದು, ನೇರ ಆಸ್ಪತ್ರೆ.

ಈಗ ನೋಟ್‌ಬುಕ್. ಒಬ್ಬೊಬ್ಬರಿಗೆ ನಾಲ್ಕು ಪುಟ, ಐದು ಗೆರೆ ಎಳೆದ ಅಂಕಣ: ಎತ್ತಿದ ಭಾರ, ಹತ್ತಕ್ಕೆ ಎಷ್ಟು ಕಷ್ಟ, ರಾತ್ರಿಯ ನಿದ್ದೆ, ಕೊನೆಯ ಊಟ ಯಾವಾಗ, ಬೇರೆ ಏನಾದರೂ. ಬರೆಯುವವರು ಮಕ್ಕಳೇ. ಹೋದ ಮಂಗಳವಾರ 55 ಕಿಲೋ, ಕಷ್ಟ 6. ಈ ಮಂಗಳವಾರ ಅದೇ 55 ಕಿಲೋ, ಕಷ್ಟ 9, ನಿದ್ದೆ ನಾಲ್ಕೂವರೆ, ಊಟ ನಿನ್ನೆ ರಾತ್ರಿ. ಭಾರ ಬದಲಾಗಿಲ್ಲ, ಮಗು ಬದಲಾಗಿದೆ. ಇಂಥ ಸಾಲು ಕಂಡ ದಿನ ಕೇಳಬೇಕಾದದ್ದು ತಂತ್ರದ ಪ್ರಶ್ನೆಯಲ್ಲ.

“ತಿಂಡಿ ಆಯ್ತೇನಮ್ಮಾ?”

“ಇಲ್ಲ ಸಾರ್, ಮೆಸ್ಸಲ್ಲಿ ಎಂಟಕ್ಕೇ ಕೊಡೋದು.”

ಪ್ರಾಕ್ಟೀಸ್ ಆರಕ್ಕೆ, ತಿಂಡಿ ಎಂಟಕ್ಕೆ, ಎಂಟೂವರೆಗೆ ಕ್ಲಾಸು. ಹಾಸ್ಟೆಲ್ ವಾರ್ಡನ್ ಹತ್ತಿರ ಮಾತಾಡಿ ಐದೂಮುಕ್ಕಾಲಿಗೆ ಬಾಳೆಹಣ್ಣು, ಒಂದು ಲೋಟ ಹಾಲು ಸಿಗುವ ಹಾಗೆ ಮಾಡಿದರೆ ಯಾವ ಹೊಸ ಯಂತ್ರವೂ ಕೊಡದ ಫಲ ಸಿಗುತ್ತದೆ. ತರಬೇತಿ ಮಾಡುವವರಿಗೆ ದಿನಕ್ಕೆ ಮೈತೂಕದ ಕಿಲೋಗೆ 1.4ರಿಂದ 2 ಗ್ರಾಂ ಪ್ರೊಟೀನ್ ಬೇಕೆಂಬುದು ಕ್ರೀಡಾ ಪೋಷಣೆಯ ಒಪ್ಪಿತ ಲೆಕ್ಕ. 60 ಕಿಲೋ ಹುಡುಗನಿಗೆ 84ರಿಂದ 120 ಗ್ರಾಂ. ಒಂದು ತಟ್ಟೆ ಉಪ್ಪಿಟ್ಟಿನಲ್ಲಿ ಹತ್ತು ಗ್ರಾಂ ದಾಟುವುದು ಕಷ್ಟ. ಎರಡು ಮೊಟ್ಟೆ ಸೇರಿಸಿದರೆ 12, ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ 7, ಒಂದು ಲೋಟ ಹಾಲಿಗೆ 6. ಮೊಟ್ಟೆ ತಿನ್ನದವರಿಗೆ ಮೊಳಕೆ ಹೆಸರುಕಾಳು, ಸೋಯಾ, ಮೊಸರು. ಡಬ್ಬಿಯ ಪುಡಿ ಕೊಳ್ಳುವ ಮೊದಲು ಇಷ್ಟು ಆಗಲಿ.

ಐದನೇ ಅಂಕಣವನ್ನು ಖಾಲಿ ಬಿಟ್ಟರೂ ಬೈಯಬೇಡಿ. ಕೆಲವು ತಿಂಗಳ ನಂತರ ಅಲ್ಲಿ ‘ಮನೇಲಿ ಅಪ್ಪಂಗೆ ಹುಷಾರಿಲ್ಲ’, ‘ಮ್ಯಾಥ್ಸ್ ಬ್ಯಾಕ್ ಇದೆ’ ಎಂಬ ಸಾಲುಗಳು ಕಾಣಿಸಿಕೊಳ್ಳುತ್ತವೆ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಪರೀಕ್ಷೆಯ ಒತ್ತಡದ ವಾರಗಳಲ್ಲಿ ಗಾಯ ಹೆಚ್ಚುವುದನ್ನು ತೋರಿಸಿತು. ಮನಸ್ಸಿನ ದಣಿವಿಗೂ ಮೈಯ ದಣಿವಿಗೂ ದೇಹ ಬೇರೆ ಬೇರೆ ಖಾತೆ ಇಟ್ಟಿರುವುದಿಲ್ಲ. ಆದ್ದರಿಂದ ಇಂಟರ್ನಲ್ಸ್ ವಾರದಲ್ಲಿ ಭಾರ ಹಾಗೇ ಇರಲಿ, ಸೆಟ್ಟುಗಳನ್ನು ಅರ್ಧಕ್ಕೆ ಇಳಿಸಿ. ಪೂರ್ತಿ ರಜೆ ಕೊಡುವುದಕ್ಕಿಂತ ಇದು ಮೇಲು. ಇಪ್ಪತ್ತು ನಿಮಿಷ ಎತ್ತಿ ಹೋದವರು ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾರೆ. ಈ ವಯಸ್ಸಿಗೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು. ಬೆಳಗಿನ ಆರರ ಪ್ರಾಕ್ಟೀಸನ್ನು ಸಂಜೆಗೆ ತರಲು ಸಾಧ್ಯವಿದ್ದರೆ ತನ್ನಿ.

ಹುಡುಗಿಯರ ಪುಟಗಳನ್ನು ಮೇಡಂ ಒಬ್ಬರು ನೋಡುವ ವ್ಯವಸ್ಥೆ ಇರಲಿ. ಮುಟ್ಟಿನ ದಿನವನ್ನು ಒಂದು ಚುಕ್ಕೆಯಲ್ಲಿ ಗುರುತಿಸಿಕೊಂಡರೆ ಸಾಕು, ಇಷ್ಟವಿಲ್ಲದವರು ಬಿಡಲಿ. ಮೂರು ತಿಂಗಳು ಚುಕ್ಕೆಯೇ ಇಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ತಿನ್ನುವುದು ಖರ್ಚಿಗೆ ಸಾಲದಾದಾಗ ದೇಹ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಮುಟ್ಟೂ ಒಂದು, ಅದರ ಹಿಂದೆಯೇ ಮೂಳೆಯ ಬಿರುಕು ಬರಬಹುದು. ಭಾರ ಏರದೆ, ದಿನವೂ ಸುಸ್ತು ಎನ್ನುವವರಿಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇರುವ ಹುಡುಗಿಗೆ “ಇನ್ನೂ ಜೋರಾಗಿ ಮಾಡು” ಎನ್ನುವುದು ಅನ್ಯಾಯ.

ಪ್ರಗತಿ ಅಳೆಯಲು ಫೋನಿನ ಸ್ಲೋ ಮೋಷನ್ ಸಾಕು. ಸೆಕೆಂಡಿಗೆ 240 ಫ್ರೇಮಿನಲ್ಲಿ ಪಾದದ ಎತ್ತರಕ್ಕೆ ಕ್ಯಾಮೆರಾ ಇಟ್ಟು, ಸೊಂಟದ ಮೇಲೆ ಕೈಯಿಟ್ಟ ನೆಗೆತ ಚಿತ್ರಿಸಿ. ಹೆಬ್ಬೆರಳು ನೆಲ ಬಿಟ್ಟ ಫ್ರೇಮಿನಿಂದ ತಾಗಿದ ಫ್ರೇಮಿನವರೆಗೆ ಎಣಿಸಿ. 120 ಫ್ರೇಮ್ ಎಂದರೆ ಅರ್ಧ ಸೆಕೆಂಡ್. ಸಮಯದ ವರ್ಗವನ್ನು 9.81ರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಎತ್ತರ 30.7 ಸೆಂ.ಮೀ. ಒಂದು ಫ್ರೇಮ್ ತಪ್ಪಿದರೆ ಅರ್ಧ ಸೆಂ.ಮೀ. ವ್ಯತ್ಯಾಸ, ಹಾಗಾಗಿ ಮೂರು ನೆಗೆತದ ಸರಾಸರಿ ತೆಗೆಯಿರಿ. ಗಾಳಿಯಲ್ಲಿ ಮೊಣಕಾಲು ಮಡಚಿದರೆ ಎತ್ತರ ಸುಳ್ಳಾಗಿ ಹೆಚ್ಚುತ್ತದೆ. ಆರು ವಾರಕ್ಕೊಮ್ಮೆ ಸಾಕು. ಪಟ್ಟಿಯನ್ನು ಗೋಡೆಗೆ ಅಂಟಿಸಿ ಒಬ್ಬರನ್ನೊಬ್ಬರಿಗೆ ಹೋಲಿಸಬೇಡಿ, ಅವರವರ ಪುಟದಲ್ಲೇ ಇರಲಿ.

ಬಾರಿನ ಮಿತಿಯನ್ನೂ ಹೇಳಲೇಬೇಕು. ತೊಡೆಯ ಹಿಂಭಾಗಕ್ಕೆ ಇದು ಸಾಲದು. ಓಟಗಾರರಿಗೂ ಹಾಕಿ ಆಟಗಾರರಿಗೂ ನಾರ್ಡಿಕ್ ಬೇಕು: ಮಂಡಿಯೂರಿ ಕೂತವರ ಹಿಮ್ಮಡಿಯನ್ನು ಜೊತೆಗಾರ ಒತ್ತಿ ಹಿಡಿಯುವುದು, ಅವರು ನಿಧಾನಕ್ಕೆ ಮುಂದಕ್ಕೆ ಬೀಳುವುದು. ಇದನ್ನು ತಪ್ಪದೆ ಮಾಡುವ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕಬಡ್ಡಿಯ ರೈಡರ್‌ಗೆ ತೊಡೆಸಂದಿಯ ವ್ಯಾಯಾಮ ಬೇರೆಯೇ ಬೇಕು, ವಾಲಿಬಾಲ್‌ನವರಿಗೆ ಹೆಗಲಿನದು. ಗರಡಿಯ ದಂಡೆಯನ್ನೂ ಮರೆಯಬೇಡಿ, ಎದೆ ಮತ್ತು ಹೆಗಲಿಗೆ ಅದು ಇಂದಿಗೂ ಒಳ್ಳೆಯ ಕೆಲಸ ಕೊಡುತ್ತದೆ. ಮುಚ್ಚಿದ ಚೌಕಟ್ಟಿನ ಬಾರಿನಲ್ಲಿ ಒಂದು ಕಾಲು ಮುಂದಿಟ್ಟು ಲಂಜ್ ಮಾಡಲು ಆಗುವುದಿಲ್ಲ, ಮುಂದಿನ ಕಬ್ಬಿಣ ಅಡ್ಡ ಬರುತ್ತದೆ. ಒಂದು ಪಕ್ಕ ತೆರೆದ ಬಾರ್‌ನಲ್ಲಿ ಆಗುತ್ತದೆ, ಭಾರ ಹೊತ್ತು ನಡೆಯುವುದೂ ಸಲೀಸು. ಆದರೆ ಅದು ಸಾಮಾನ್ಯವಾಗಿ ಇನ್ನೂ ಭಾರ, ಬೆಲೆಯೂ ಹೆಚ್ಚು. ಮೊದಲನೆಯದು ಮುಚ್ಚಿದ್ದೇ ಇರಲಿ.

ಕರಾವಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಹಿಡಿಕೆಗೆ ಬೇಗ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಒಣ ಬ್ರಷ್ಷಿನಲ್ಲಿ ಬೆವರಿನ ಕೊಳೆ ತೆಗೆದು, ಹೊಲಿಗೆ ಮೆಷಿನ್ ಎಣ್ಣೆಯಲ್ಲಿ ಬಟ್ಟೆ ಅದ್ದಿ ತೆಳುವಾಗಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ. ಸ್ಪ್ರಿಂಗ್ ಲಾಕ್ ವರ್ಷದಲ್ಲಿ ಸಡಿಲವಾಗುತ್ತದೆ, ಒಂದು ಜೊತೆ ಹೆಚ್ಚಿಗೆ ತರಿಸಿಡಿ. ಜಿಮ್ಮಿನ ಕೀಲಿ ಹುಡುಗಿಯರ ತಂಡದ ಕ್ಯಾಪ್ಟನ್ ಹತ್ತಿರವೂ ಒಂದಿರಲಿ. ವೇಳಾಪಟ್ಟಿಯಲ್ಲಿ ಅವರದೇ ಒಂದು ಗಂಟೆ ಬರೆದಿದ್ದರೂ ಕೀಲಿ ಹುಡುಗರ ಬಳಿಯಿದ್ದರೆ ಆ ಗಂಟೆ ಅವರಿಗೆ ಸಿಗುವುದಿಲ್ಲ. ಎರಡನೇ ಬಾರ್ ಯಾವಾಗ ಎಂದರೆ, ನಾಲ್ವರ ಗುಂಪು ಆರಾಗಿ, ಕಾಯುವವರು ಮೈ ತಣ್ಣಗಾಗಿ ಸ್ವೆಟರ್ ಹಾಕಿಕೊಳ್ಳತೊಡಗಿದಾಗ. ಆಗ ತೆರೆದ ಬಾರ್ ತರಿಸಿ.